ಗಂಗಾಳ ಹಾಯುವಷ್ಟು ಕಿಂಡಿ

“ಚಿಲಕ ಒಳಗ ಬ್ಯಾಡೇನ್ರಿ, ಧಣ್ಯಾರ?” ಎಂದು ಬಡಿಗೇರ ಕಾಳಪ್ಪ ಹಲಗೆಗೆ ಉಳಿ ಹಚ್ಚುವ ಮುನ್ನ ಕೇಳಿದ. ಹಿತ್ತಲಿನ ಕಟ್ಟಿಗೆ ಕೋಣೆಗೆ ಶಿವಸಂಗಪ್ಪ ಹೊಸ ಬಾಗಿಲು ಮಾಡಿಸುತ್ತಿದ್ದ. “ಬ್ಯಾಡ, ಹೊರಗ ಸಾಕು. ಕೆಳಗೊಂದು ಕಿಂಡಿ ಕೊರಿ, ಗಂಗಾಳ ಹಾಯೂವಷ್ಟು,” ಎಂದ.

ಚಹಾ ತಂದಿದ್ದ ಅವನ ಹೆಂಡತಿ ಸಾವಿತ್ರೆವ್ವ, ಕಟ್ಟಿಗೆ ಕೋಣೆಗೆ ಗಂಗಾಳವೇಕೆಂದು ತಿಳಿಯದೆ ನಿಂತಳು. ಅವನು ಅವಳತ್ತ ತಿರುಗಿ, “ಅಳತಿಗೆ ಅಂಬವ್ವ ಉಣ್ಣೋ ಗಂಗಾಳ ತಾ,” ಎಂದ, ಬಹಳ ಮೆತ್ತಗೆ. ಅಂಬವ್ವ ಅವನ ತಂಗಿ. ಇಳಕಲ್ಲಿನ ಆ ನೇಕಾರ ಹುಡುಗನನ್ನು ಬಿಟ್ಟು ಬೇರೆ ಯಾರನ್ನೂ ಮದುವೆಯಾಗುವುದಿಲ್ಲ ಎಂದು ಮೊನ್ನೆ ಅಣ್ಣನೆದುರು ನಿಂತು ಹೇಳಿದ್ದಳು. ಅವನು ಬೈದಿರಲಿಲ್ಲ, ಕೈಯೆತ್ತಿರಲಿಲ್ಲ; ಮರುದಿನ ಬೆಳಿಗ್ಗೆಯೇ ಸಾಗವಾನಿ ಹಲಗೆ ತರಿಸಿದ್ದ.

ಕಾಳಪ್ಪ ತಲೆಯೆತ್ತಲಿಲ್ಲ. ಸಾವಿತ್ರೆವ್ವ ಒಳಗೆ ಬಂದಾಗ ಅಂಬವ್ವ ಪಡಸಾಲೆಯ ಮಗ್ಗದ ಪಕ್ಕ ಕುಳಿತು ಕುಪ್ಪಸದ ಖಣಕ್ಕೆ ನೂಲು ಸುತ್ತುತ್ತಿದ್ದಳು. ಸಾವಿತ್ರೆವ್ವ ಅವಳ ರಟ್ಟೆ ಹಿಡಿದು ಎಬ್ಬಿಸಿ, ಸೆರಗಿನ ಗಂಟಿನಲ್ಲಿದ್ದ ರೊಕ್ಕವನ್ನೆಲ್ಲ ಅವಳ ಅಂಗೈಗೆ ತುರುಕಿ, ಬೀದಿ ಬಾಗಿಲು ತೆರೆದಳು. “ಇಳಕಲ್ ಬಸ್ ಬರೋ ಹೊತ್ತಾತು. ಓಡವ್ವಾ. ಹಿಂದ ತಿರುಗಿ ನೋಡಬ್ಯಾಡ,” ಎಂದು ಪಿಸುಗುಟ್ಟಿದಳು. ಅಂಬವ್ವ ಅತ್ತಿಗೆಯ ಮುಖ ನೋಡಿದಳು. ಚಪ್ಪಲಿಯನ್ನೂ ಮೆಟ್ಟದೆ ಓಣಿಗಿಳಿದಳು.

“ಗಂಗಾಳ ಇನ್ನೂ ಸಿಗಲಿಲ್ಲೇನು?” ಶಿವಸಂಗಪ್ಪನ ಹೆಜ್ಜೆ ಸಪ್ಪಳ ಅಡಿಗೆಮನೆ ದಾಟಿ ಪಡಸಾಲೆಯತ್ತ ಬಂತು. “ಹುಡುಕಾಕತ್ತೇನ್ರಿ,” ಎನ್ನುತ್ತ ಸಾವಿತ್ರೆವ್ವ ಬೀದಿ ಬಾಗಿಲು ಮುಚ್ಚಿ ಅದಕ್ಕೆ ಬೆನ್ನು ಕೊಟ್ಟು ನಿಂತಳು.