ಬಿಸಿಲ ಗೋಡೆ

ಸಿಗ್ನೆ ಕಿತ್ತಳೆ ಸುಲಿದು ಒಂದೊಂದೇ ತೊಳೆ ಬಿಡಿಸಿ ಭಾವನ ಕೈಗಿಡುತ್ತಿದ್ದಳು. ಅಡುಗೆಮನೆಯ ಪರದೆಯ ಹಿಂದೆ ನಿಂತ ಟೋರುನ್ ಅದನ್ನು ನೋಡುತ್ತಿದ್ದಳು. ತಂಗಿ ಕೂತಿದ್ದದ್ದು ಅಕ್ಕನ ಜಾಗದಲ್ಲಿ, ದಕ್ಷಿಣದ ಗೋಡೆಗೆ ಒತ್ತಿ ಹಾಕಿದ ಬೆಂಚಿನ ಬಲತುದಿಯಲ್ಲಿ. ಉತ್ತರ ತುದಿಯ ಆ ಊರಲ್ಲಿ, ಎರಡು ತಿಂಗಳು ಸೂರ್ಯನೇ ಮೂಡದ ಚಳಿಗಾಲ ಕಳೆದು ಈಸ್ಟರ್ ರಜೆ ಬಂತೆಂದರೆ, ಅಂಗಳದಲ್ಲಿ ಮೊಣಕಾಲುದ್ದ ಹಿಮವಿದ್ದರೂ ಆ ಗೋಡೆ ಒಲೆಯ ಹಾಗೆ ಕಾಯುತ್ತಿತ್ತು. ಇಪ್ಪತ್ತಾರು ವರ್ಷ ಅಲ್ಲಿ ಕೂತು ಗಂಡ ಹಾಲ್ವರನಿಗೆ ಕಿತ್ತಳೆ ಸುಲಿದುಕೊಟ್ಟವಳು ಟೋರುನ್.

ಫೆಬ್ರವರಿಯಲ್ಲಿ ಅವಳಿಗೆ ಲೂಪಸ್ ಇದೆಯೆಂದು ಗೊತ್ತಾಗಿತ್ತು. ಮೈಯನ್ನು ಕಾಯಬೇಕಾದ ಶಕ್ತಿಯೇ ಮೈಮೇಲೆ ತಿರುಗಿ ಬೀಳುವ ರೋಗ. ಬೇಲಿಯೇ ಎದ್ದು ಹೊಲ ಮೇಯ್ದಂತೆ. ಬೆರಳ ಗೆಣ್ಣುಗಳು ಊದಿಕೊಂಡವು, ಕೆನ್ನೆಗಳ ಮೇಲೆ ಕೆಂಪು ದದ್ದು ಎದ್ದಿತು. ಮಾತ್ರೆಗಳಿಗೆ ಅವಳು ಒಗ್ಗಿಕೊಂಡಳು, ಮಧ್ಯಾಹ್ನ ಮಗುವಿನ ಹಾಗೆ ಮಲಗುವುದಕ್ಕೂ. ಆದರೆ ಡಾಕ್ಟರಮ್ಮ ಎಲ್ಲ ಮುಗಿದ ಮೇಲೆ, ಬಾಗಿಲ ಬಳಿ ನಿಂತು ಹೇಳಿದ ಮಾತು ಮಾತ್ರ ಗಂಟಲಿಳಿದಿರಲಿಲ್ಲ. ಇನ್ನು ಬಿಸಿಲು ಕೂಡದು. ಹಿಮದ ಮೇಲೆ ಬಿದ್ದು ಮುಖಕ್ಕೆ ಹೊಡೆಯುವ ಬಿಸಿಲಂತೂ ಬೇಡವೇ ಬೇಡ.

ಹೊರಗೆ ಸಿಗ್ನೆ ಸ್ವೆಟರ್ ಕಳಚಿ, ಅಂಗಿಯ ತೋಳು ಮಡಿಸಿ, ಕಣ್ಣು ಮುಚ್ಚಿ ಗೋಡೆಗೆ ಒರಗಿದಳು. ಟೋರುನ್ ಕಿಟಕಿ ತೆರೆದಳು.

"ನೀನು ಬಂದಿದ್ದು ಸೌದೆ ಜೋಡಿಸೋಕೆ."

"ಜೋಡಿಸಿ ಆಯ್ತಕ್ಕ." ಸಿಗ್ನೆ ಕಣ್ಣು ತೆರೆಯಲಿಲ್ಲ. "ಭಾವನೇ ಸ್ವಲ್ಪ ಕೂತ್ಕೋ ಅಂದ. ನೀನೂ ಟೋಪಿ ಹಾಕ್ಕೊಂಡು ಬಾ. ಐದು ನಿಮಿಷಕ್ಕೆ ಯಾರೂ ಸಾಯಲ್ಲ."

"ಹೌದು, ನೀನು ಸಾಯಲ್ಲ."

ಹಾಲ್ವರ್ ಎದ್ದು ನಿಂತ. "ಬೆಂಚನ್ನ ಮನೆ ಹಿಂದಕ್ಕೆ ಹೊತ್ಕೊಂಡು ಹೋಗ್ಲಾ? ಅಲ್ಲಿ ನೆರಳಿದೆ, ಮೂರು ಜನಾನೂ ಕೂರಬಹುದು."

"ಅಲ್ಲಿ ಕೂತು ಮೀನಿನ ಹಾಗೆ ಹೆಪ್ಪುಗಟ್ಟೋದಾ? ಬೇಡ. ನೀವಿಬ್ರು ಮೈ ಕಾಯಿಸ್ಕೊಳ್ಳಿ." ಅವಳು ಕಿಟಕಿ ಮುಚ್ಚಿದಳು.

ಚಿಕ್ಕವಳಿದ್ದಾಗ ಅಕ್ಕನ ಸ್ಕೀ ಬೇಕು, ಅಕ್ಕನ ಕೆಂಪು ಕೋಟು ಬೇಕು ಎಂದು ರಂಪ ಮಾಡುತ್ತಿದ್ದವಳು ಸಿಗ್ನೆ. ತಂಗಿಯದು ಏನಾದರೂ ತನಗೆ ಬೇಕೆಂದು ಟೋರುನ್‌ಗೆ ಒಮ್ಮೆಯೂ ಅನ್ನಿಸಿದ್ದಿಲ್ಲ. ಈಗ ಐವತ್ತೊಂದು ವರ್ಷಕ್ಕೆ, ಮಡಿಸಿದ ತೋಳಿನ ಕೆಳಗೆ ಕಾಣುತ್ತಿದ್ದ ಆ ಎರಡು ಗೇಣು ಚರ್ಮವನ್ನು ನೋಡಿ ಅವಳಿಗೆ ಹೊಟ್ಟೆಯಲ್ಲಿ ಕೆಂಡ ಸುರಿದಂತಾಯಿತು. ಗಂಡ ಪಕ್ಕದಲ್ಲಿ ಕೂತದ್ದನ್ನು ಹೇಗೋ ಸಹಿಸಬಹುದಿತ್ತು. ಬಿಸಿಲು ಬಿದ್ದರೂ ಏನೂ ಆಗದ ಆ ಚರ್ಮವನ್ನು ಸಹಿಸಲಾಗಲಿಲ್ಲ.

ಅವಳು ಟೋಪಿ ಇಲ್ಲದೆ, ಗಿಡ್ಡ ತೋಳಿನ ಅಂಗಿಯಲ್ಲೇ ಹೊರಗೆ ಬಂದಳು. "ಸರೀರಿ," ಎಂದು ಇಬ್ಬರ ನಡುವೆ ಕೂತಳು.

"ಅಕ್ಕ, ಒಳಗೆ ನಡಿ," ಎಂದಳು ಸಿಗ್ನೆ.

"ಯಾಕೆ, ನಿಮ್ಮಪ್ಪನ ಬಿಸಿಲಾ ಇದು?"

"ನಮ್ಮಿಬ್ಬರ ಅಪ್ಪನೂ ಒಬ್ಬನೇ," ಎಂದಳು ಸಿಗ್ನೆ. ಯಾರೂ ನಗಲಿಲ್ಲ.

ಹಾಲ್ವರ್ ಎದ್ದು ಹೆಂಡತಿಯ ಎದುರು ಬಂದು ನಿಂತ, ತನ್ನ ನೆರಳು ಅವಳ ಮೇಲೆ ಬೀಳುವಂತೆ. "ಪಕ್ಕಕ್ಕೆ ಹೋಗು," ಎಂದಳು ಟೋರುನ್. ಅವನು ಹೋಗಲಿಲ್ಲ. ಅವಳೇ ಬೆಂಚಿನ ತುದಿಗೆ ಸರಿದಳು, ಅವನೂ ಸರಿದ. ಮೂರನೆಯ ಸಲ ಅವಳ ಕಣ್ಣಲ್ಲಿ ನೀರು ಕಂಡಾಗ ಅವನು ದಾರಿ ಬಿಟ್ಟ. ಒಂದು ಗಂಟೆ ಅವಳು ಕಣ್ಣು ಮುಚ್ಚಿ ಕೂತಳು. ರೆಪ್ಪೆಯೊಳಗೆ ಕೆಂಪು ಬೆಳಕು ತುಂಬಿತ್ತು, ಬೆನ್ನಿಗೆ ಹಲಗೆಯ ಬಿಸಿ ತಾಗುತ್ತಿತ್ತು. ಫೆಬ್ರವರಿಯಿಂದ ಈಚೆಗೆ ಅವಳು ಅಷ್ಟು ಸುಖವಾಗಿ ಇದ್ದದ್ದಿಲ್ಲ.

ಮಾರನೆಯ ದಿನ ಜ್ವರ ಬಂತು. ಮುಖ ಸುಟ್ಟ ಹಾಗೆ ಉರಿಯಿತು, ಕೀಲುಗಳು ಬಿಗಿದುಕೊಂಡವು, ಲೋಟ ಎತ್ತಲೂ ಕೈ ಬಾರದಾಯಿತು. ಡಾಕ್ಟರಮ್ಮ ಫೋನಿನಲ್ಲಿ ಬಯ್ಯಲಿಲ್ಲ, ಮಾತ್ರೆ ಹೆಚ್ಚಿಸಿದಳು. ಹಾಲ್ವರ್ ಮಲಗುವ ಕೋಣೆಗೆ ದಪ್ಪ ಪರದೆ ಕಟ್ಟಿದ. ಐದನೆಯ ದಿನ ಮಧ್ಯಾಹ್ನ ಸಿಗ್ನೆ ಬಂದು, ಅಕ್ಕನ ತಲೆ ಬಾಚಿ, ಮಂಚದ ಅಂಚಿನಲ್ಲಿ ಕೂತಳು.

"ಹೊರಗೆ ಹೇಗಿದೆ?" ಟೋರುನ್ ಕೇಳಿದಳು.

"ಮೋಡ. ಬೆಳಗಿಂದ ಸೂರ್ಯನ ಸುಳಿವೇ ಇಲ್ಲ."

ಸಿಗ್ನೆಯ ಮೂಗಿನ ತುದಿ ಬಿಸಿಲಿಗೆ ಹೊಸದಾಗಿ ಕೆಂಪಾಗಿತ್ತು.

"ಸುಳ್ಳು ಹೇಳೋಕೆ ನಿಂಗೆ ಯಾವತ್ತೂ ಬರ್ಲಿಲ್ಲ."

ಸಿಗ್ನೆ ಬಾಚಣಿಗೆಯಲ್ಲಿ ಸಿಕ್ಕಿದ್ದ ಕೂದಲು ಬಿಡಿಸುತ್ತಾ ಕೂತಳು. ಉದುರಿದ್ದು ಬಹಳವಿತ್ತು, ಅದನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು. "ಇನ್ಮೇಲೆ ನಾನು ಆ ಗೋಡೆ ಹತ್ರ ಹೋಗಲ್ಲ ಅಕ್ಕ."

"ಹೋಗು. ಹೋಗೋಕೆ ಆಗೋಳು ಹೋಗದೆ ಕೂತ್ರೆ ನಂಗೆ ಇನ್ನೂ ಹೊಟ್ಟೆ ಉರಿಯುತ್ತೆ."

ಟೋರುನ್ ಕಷ್ಟಪಟ್ಟು ಪಕ್ಕಕ್ಕೆ ಹೊರಳಿ, ತಂಗಿಯ ತೋಳನ್ನು ತನ್ನ ಕಡೆಗೆ ಎಳೆದುಕೊಂಡಳು. ಅದು ಈಗಷ್ಟೇ ಒಲೆಯಿಂದ ತೆಗೆದ ಬ್ರೆಡ್ಡಿನ ಹಾಗೆ ಬೆಚ್ಚಗಿತ್ತು. ತಣ್ಣಗೆ ಕೊರೆಯುತ್ತಿದ್ದ ತನ್ನ ಹತ್ತೂ ಬೆರಳನ್ನು ಅದಕ್ಕೆ ಒತ್ತಿ ಹಿಡಿದಳು. ಸಿಗ್ನೆ ಬೆಚ್ಚಿ ಕೈ ಹಿಂದೆಗೆಯಲು ಹೋದಳು.

"ಅಲ್ಲಾಡಬೇಡ," ಎಂದಳು ಟೋರುನ್. "ಇದರಲ್ಲಿ ಅರ್ಧ ನನ್ನ ಪಾಲು."