ಅಕ್ಕನ ರೆಪ್ಪೆಕೂದಲು

"ಇದು ಚಾಕು ಎಳೆದ ಗುರುತು ಅಕ್ಕ," ಎಂದು ಪ್ರೊಫೆಸರ್ ಫೋಟೋವನ್ನು ಮೇಜಿನ ಮೇಲೆ ತಳ್ಳಿದರು. "ಸೋಮವಾರದಿಂದ ಕೊಯ್ಯೋ ಕೆಲಸ ಹೊಸಬರಿಗೆ ಕೊಟ್ಟುಬಿಡಿ. ನೀವು ಸ್ಟೋರ್ ರೂಮ್ ನೋಡ್ಕೊಳ್ಳಿ."

ಲ್ಯಾಬಿಗೆಲ್ಲ ಅಕ್ಕ ಆಗಿದ್ದವಳು ಫೋಟೋವನ್ನು ಹತ್ತಿರಕ್ಕೆ ಎಳೆದುಕೊಂಡಳು. ಇಪ್ಪತ್ತೆರಡು ವರ್ಷ ವಜ್ರದ ಚಾಕುವಿನಲ್ಲಿ ಜೀವಕೋಶಗಳನ್ನು ಕೊಯ್ದ ಕೈ ಅವಳದು. ಕೂದಲಿಗಿಂತ ಸಾವಿರ ಪಾಲು ತೆಳುವಾದ ಹೋಳುಗಳು ನೀರಿನ ಮೇಲೆ ಬೆಳ್ಳಿಯ ಬಣ್ಣದಲ್ಲಿ ತೇಲುತ್ತವೆ. ಅವನ್ನು ಸರಿಸಲು ಅವಳ ಬಳಿ ಒಂದು ಕಡ್ಡಿ, ಅದರ ತುದಿಗೆ ಅಂಟಿಸಿದ್ದು ತನ್ನದೇ ಕಣ್ಣಿನ ಒಂದು ರೆಪ್ಪೆಕೂದಲು. ಮೀಸೆ ಇದ್ದಿದ್ದರೆ ಆ ಕಡ್ಡಿಯ ಹೆಸರಿನಲ್ಲಿ ತಿರುವುತ್ತಿದ್ದಳು.

ಅವಳ ಹೋಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿಟ್ಟು ತೆಗೆದ ಆ ಫೋಟೋದಲ್ಲಿದ್ದದ್ದು ಎಚ್‌ಐವಿ. ಅದು ಜೀವಕೋಶದಲ್ಲಿ ಉಂಡು ಬೆಳೆದು, ಅಂಚಿನಲ್ಲಿ ಮೊಗ್ಗಿನಂತೆ ಉಬ್ಬಿ, ಕಳಚಿಕೊಂಡು ಹೊರಡುತ್ತದೆ. ಕೋಶದ ಒಂದು ಪ್ರೋಟೀನ್ ಇಲ್ಲದಿದ್ದರೆ ವೈರಸ್ ಹುಟ್ಟುವುದೇ ಇಲ್ಲ ಎಂಬುದು ಪ್ರೊಫೆಸರರ ವಾದ. ಆ ಪ್ರೋಟೀನ್ ತೆಗೆದ ಕೋಶಗಳನ್ನೇ ಕೊಯ್ಯಲು ಕೊಟ್ಟಿದ್ದರು. ಅವರು ಕಾದಿದ್ದು ಖಾಲಿ ಅಂಚಿಗೆ. ಬಂದದ್ದು ಕೋಶಕ್ಕೇ ಅಂಟಿಕೊಂಡ ವೈರಸ್‌ಗಳು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ; ಇವರು ಚಾಕು ಡೊಂಕು, ಅದೇ ಅಂಚನ್ನು ಎಳೆದು ಹೀಗೆ ಉಬ್ಬಿಸಿದೆ ಎಂದರು.

"ಸಾರ್, ಚಾಕು ಎಷ್ಟು ದಿಕ್ಕಿಗೆ ಎಳೆಯುತ್ತೆ?" ಎಂದಳು ಅಕ್ಕ.

"ಒಂದೇ ದಿಕ್ಕಿಗೆ. ಯಾಕೆ?"

"ಹಾಗಿದ್ರೆ ಇವು ಕೋಶದ ನಾಲ್ಕೂ ಕಡೆ ಹೇಗೆ ನೇತಾಡ್ತಿವೆ? ಒಂದೊಂದನ್ನೂ ಕೋಶಕ್ಕೆ ಕಟ್ಟಿರೋ ಸಣ್ಣ ಕುತ್ತಿಗೇನೂ ನೋಡಿ. ಹುಟ್ಟಿವೆ ಸಾರ್. ಹೊಕ್ಕುಳಬಳ್ಳಿ ಕೊಯ್ಯೋರಿಲ್ಲ, ಅಷ್ಟೇ. ನೀವು ತೆಗೆದುಹಾಕಿದ್ದು ಸೂಲಗಿತ್ತೀನ."

ಪ್ರೊಫೆಸರ್ ಕನ್ನಡಕವನ್ನು ಹಣೆಗೇರಿಸಿ ಫೋಟೋದ ಮೇಲೆ ಬಾಗಿದರು. ಕೋಶದ ಸುತ್ತ ಬೆರಳಾಡಿಸಿದರು. ಅವರ ಕಿವಿ ಕೆಂಪಾಯಿತು. ಅಕ್ಕನಿಗೆ ಎದೆ ತುಂಬಿ ಬಂತು, ಅದನ್ನವಳು ಮುಚ್ಚಿಡಲೂ ಇಲ್ಲ.

"ನನ್ನ ವಾದ ಬಿತ್ತು," ಎಂದರು. "ಪೇಪರಿನಲ್ಲಿ ನಿಮ್ಮ ಹೆಸರೂ ಹಾಕ್ತೀನಿ ಅಕ್ಕ. ಚಾಕು ನಿಮ್ಮ ಹತ್ರಾನೇ ಇರಲಿ. ಇನ್ನೂ ನೂರು ಹೋಳು ಬೇಕು."

"ಕಡ್ಡಿ ಸವೆದಿದೆ ಸಾರ್. ಹೊಸ ರೆಪ್ಪೆಕೂದಲು ಅಂಟಿಸ್ಬೇಕು."

"ನಂದೇ ಒಂದು ಕಿತ್ಕೊಳ್ಳಿ," ಎಂದು ಅವರು ಮುಖ ಒಡ್ಡಿದರು. ತಪ್ಪೊಪ್ಪಿಕೊಳ್ಳಲು ಅವರಿಗೆ ಬೇರೆ ದಾರಿ ತೋಚಲಿಲ್ಲ.

ಅಕ್ಕ ಚಿಮುಟ ಹಿಡಿದು ಹತ್ತಿರ ಬಂದು, ಅವರ ಎರಡೂ ಕಣ್ಣುಗಳನ್ನು ಸಾವಕಾಶವಾಗಿ ಪರೀಕ್ಷಿಸಿದಳು.

"ಬೇಡ ಬಿಡಿ ಸಾರ್. ಎದುರಿಗಿದ್ದದ್ದು ಕಾಣದ ಕಣ್ಣಿನದು ನನ್ನ ಕೆಲಸಕ್ಕೆ ಬರಲ್ಲ," ಎಂದು ಕನ್ನಡಿಯ ಕಡೆ ತಿರುಗಿದಳು.