ಎದುರು ಮನೆಯ ವೈಫೈ

“ವೈಫೈ ನಾಕು, ವೇಗ ಎಪ್ಪತ್ತೆರಡು ಎಂಬಿ. ಥೂ, ಇದೂ ಆಗಲ್ಲ!”

ಜಗಲಿಯ ಮೇಲೆ ಕೂತ ಶಾಲಿನಿ ಲ್ಯಾಪ್‌ಟಾಪಿನ ಪರದೆಯ ಮೇಲೆ ಬೆರಳು ಓಡಿಸಿದಳು. ಗಂಟೆ ಹತ್ತೂವರೆ. ಮೈಸೂರಿನ ಒಂದು ಟ್ಯೂಷನ್ ಸಂಸ್ಥೆಯವರಿಗೆ ಹನ್ನೊಂದಕ್ಕೆ ಅವಳು ಮನೆಯಿಂದಲೇ ಗಣಿತದ ಪಾಠ ಮಾಡಿ ತೋರಿಸಬೇಕು, ಹಿಡಿಸಿದರೆ ಕೆಲಸ. ಆದರೆ ಹತ್ತೂ ಮುಕ್ಕಾಲರೊಳಗೆ ತನ್ನ ವೈಫೈ ಯಾವ ಬಗೆಯದು, ಎಷ್ಟು ವೇಗದ್ದು ಎಂದು ಪರದೆಯ ಚಿತ್ರ ತೆಗೆದು ಕಳಿಸಬೇಕು. ವೈಫೈ ಐದಕ್ಕಿಂತ ಹಳೆಯದನ್ನು ಅವರು ಒಪ್ಪುವುದಿಲ್ಲ. ಇವರ ಮನೆಯ ಕೇಬಲ್ಲನ್ನೋ, ನೀರಿನ ಪೈಪಿಗೆಂದು ಅಗೆಯುತ್ತಿದ್ದ ಜೆಸಿಬಿ ಬೆಳಿಗ್ಗೆಯೇ ಕಿತ್ತು ಹಾಕಿತ್ತು.

ಹಾಗಾಗಿ ವೈಫೈಯ ಬಗೆ, ವೇಗ ತೋರಿಸುವ ಆ್ಯಪ್ ತೆರೆದು, ಸುತ್ತಮುತ್ತ ಯಾರ ಯಾರ ವೈಫೈ ಸಿಗುತ್ತದೆ ಎಂಬ ಹುಡುಕಾಟ. ಆತಗೂರಿನ ಆ ಬೀದಿಯ ಮನೆಗಳೆಲ್ಲ ಪರದೆಯ ಮೇಲೆ ಸಾಲಾಗಿ ಬಂದು ನಿಂತವು. ಪಕ್ಕದಲ್ಲಿ ಕೂತ ಅಜ್ಜಿ ಹೊಂಬಾಳಮ್ಮನಿಗೆ ಖುಷಿಯೋ ಖುಷಿ.

“ಇಷ್ಟೂ ನಮ್ ತಲೆ ಮ್ಯಾಲೇ ಆರಾಡ್ತಾ ಅವಾ? ಓದವ್ವ, ಓದು!”

“ಡೈರಿದು ನಾಕು. ‘ಪಟ್ಟಲಮ್ಮ ಕೃಪೆ’, ಹಿಟ್ಟಿನ ಗಿರಣಿದು, ಅದೂ ನಾಕು. ಇದ್ಯಾವುದಜ್ಜಿ, ‘ಕೇಳಬೇಡಿ ಕೊಡಲ್ಲ’ ಅಂತ ಹೆಸರಿಟ್ಟವ್ರೆ!”

“ಚಿಕ್ಕಬೋರಯ್ಯಂದು ಕಣಮ್ಮಿ. ಹಾಲ್ಗೆ ಎಪ್ಪಾಕಕ್ಕೆ ಒಂದ್ ತೊಟ್ಟು ಮಜ್ಜಿಗೆ ಕೇಳಿದ್ರೂ ಆ ಮನೆಯೋರು ಅಂಗೇ ಅನ್ನಾದು.”

ಕೊನೆಯ ಸಾಲು ಓದುತ್ತಲೇ ಶಾಲಿನಿ ಎದ್ದು ನಿಂತಳು. “ವೈಫೈ ಆರು! ವೇಗ ಆರುನೂರು! ಅಜ್ಜಿ, ಸಿಕ್ತು!” ಆಮೇಲೆ ಹೆಸರು ಓದಿ ಮೆಲ್ಲಗೆ ಕೂತಳು. ಅದು ಎದುರು ಮನೆಯ ಚಿಕ್ಕಪ್ಪ ರವಿಚಂದ್ರನದು.

ಆ ಮನೆಗೂ ಈ ಮನೆಗೂ ನಾಲ್ಕು ವರ್ಷದಿಂದ ಮಾತಿಲ್ಲ. ರವಿಚಂದ್ರನ ಮಗಳ ಬೀಗರೂಟದಲ್ಲಿ ಒಡಹುಟ್ಟಿದ ಅಣ್ಣ, ಅಂದರೆ ಶಾಲಿನಿಯ ಅಪ್ಪ ಸಿದ್ದರಾಮುವನ್ನು ಎರಡನೇ ಪಂಕ್ತಿಗೆ ಕೂರಿಸಿದ್ದರು. ಅವನ ಎಲೆಯ ಹತ್ತಿರ ಬರುವಷ್ಟರಲ್ಲಿ ಬಾಡಿನ ತುಂಡೆಲ್ಲ ಮುಗಿದು ಬರೀ ಸಾರು ಉಳಿದಿತ್ತು. ಆ ಹೊಸಿಲು ತುಳಿದವರು ನನ್ನ ಹೊಸಿಲು ತುಳಿಯಕೂಡದು ಎಂದು ಸಿದ್ದರಾಮು ಅಂದೇ ಆಣೆ ಹಾಕಿದ್ದ. ನಮ್ಮ ಕಡೆ ಗದ್ದೆ ಬದುವಿನ ಜಗಳವನ್ನಾದರೂ ಮರೆತಾರು, ಬಾಡು ತಪ್ಪಿದ್ದನ್ನು ಮರೆಯುವುದಿಲ್ಲ.

ಗಲಾಟೆ ಕೇಳಿ ಸಿದ್ದರಾಮುವೇ ಹೊರಗೆ ಬಂದ. “ಯಾರ್ದಾದ್ರೂ ಈಸ್ಕೊ, ಅವನ್ದು ಮಾತ್ರ ಬ್ಯಾಡ. ನಡಿ, ಡೈರಿಗೆ ಓಗಾನ.”

“ಡೈರಿದು ನಾಕು ಅಂದ್ನಲ್ಲಪ್ಪ! ಇನ್ನು ಹತ್ತೇ ನಿಮಿಷ ಇರೋದು!” ಶಾಲಿನಿಯ ಕಣ್ಣಲ್ಲಿ ನೀರು ಬಂತು.

ಹೊಂಬಾಳಮ್ಮ ಸೆರಗು ಬಿಗಿದು ಎದ್ದಳು. “ಇಬ್ರೂ ನನ್ನೊಟ್ಟೇಲಿ ಉಟ್ಟೋರು. ಅದೇನೋ ಪಾಸ್‌ವರ್ಡು, ನಾನೇ ಓಗಿ ಕೇಳ್ಕಬತ್ತೀನಿ. ಯಾವನು ತಡೀತಾನೋ ತಡೀಲಿ.”

“ತಡಿ ಅಜ್ಜಿ, ನಾನು ಒತ್ತಿ ಇಟ್ಕೊಂಡಿರ್ತೀನಿ. ನೀನು ಬಂದೇಟ್ಗೆ ಹಾಕ್ಬುಡಾನ,” ಎಂದು ಶಾಲಿನಿ ಚಿಕ್ಕಪ್ಪನ ಹೆಸರಿನ ಮೇಲೆ ಒತ್ತಿದಳು. ಪಾಸ್‌ವರ್ಡ್ ಕೇಳಬೇಕಾಗಿದ್ದ ಲ್ಯಾಪ್‌ಟಾಪು ಕೇಳಲೇ ಇಲ್ಲ. ನೆಟ್ಟಗೆ ಕನೆಕ್ಟ್ ಆಯಿತು.

“ಅಜ್ಜೀ! ಬಂತು, ಬಂತು!” ಅವಳು ಜಗಲಿಯ ಮೇಲೇ ಕುಣಿದುಬಿಟ್ಟಳು. ಪರದೆಯ ಚಿತ್ರ ತೆಗೆದು ಕಳಿಸಿದ್ದೂ ಆಯಿತು. ‘ಸರಿ ಇದೆ, ಹನ್ನೊಂದಕ್ಕೆ ಪಾಠ ಶುರು ಮಾಡಿ’ ಎಂದು ಉತ್ತರವೂ ಬಂತು.

“ಏನೂ ಕೇಳ್ದೇನೇ ಅದ್ಯಂಗೆ ಒಳಿಕ್ಕೆ ಬುಟ್ಕತ್ತು?” ಹೊಂಬಾಳಮ್ಮ ಬಿಡಲಿಲ್ಲ.

“ಮೊದ್ಲೇ ಒಂದ್ಸಲ ಪಾಸ್‌ವರ್ಡ್ ಹಾಕಿದ್ರೆ ನೆನಪಿಟ್ಕೊಂಡಿರುತ್ತೆ ಅಜ್ಜಿ. ಆದ್ರೆ ನಾನು ಹಾಕಿಲ್ಲ.” ಶಾಲಿನಿ ತಡೆದು ಹೇಳಿದಳು, “ಲ್ಯಾಪ್‌ಟಾಪು ಅಪ್ಪಂದು.”

ಅಜ್ಜಿ, ಮೊಮ್ಮಗಳು ಇಬ್ಬರೂ ಸಿದ್ದರಾಮುವಿನ ಮುಖ ನೋಡಿದರು. ಅವನು ಸೂರಿನ ಹೆಂಚು ನೋಡುತ್ತ ನಿಂತ.

“ಮಿಷನ್ಗೇನ್ ಗೊತ್ತವ್ವ ಮಾನ ಮರ್ವಾದೆ? ಯಾರ್ ಸಿಕ್ಕುದ್ರೆ ಅವರ್ ಜೊತೆ ಸೇರ್ಕತ್ತದೆ,” ಎಂದ.

ಅಷ್ಟರಲ್ಲಿ ಪರದೆಯ ಮೂಲೆಯಲ್ಲಿ ಬ್ಯಾಟರಿ ಕೆಂಪಾಯಿತು. “ಅಪ್ಪ, ಚಾರ್ಜರ್! ಬೇಗ!” ಶಾಲಿನಿ ಇಡೀ ಬೀದಿಗೆ ಕೇಳುವಂತೆ ಕಿರುಚಿದಳು. ಸಿದ್ದರಾಮು ಒಳಗೆ ಓಡಿ ಬೀರು ತಡಕಿದ, ಹಾಸಿಗೆ ಕೊಡವಿದ, ಬರಿಗೈಯಲ್ಲಿ ಹೊರಗೆ ಬಂದ.

ಎದುರು ಮನೆಯ ಬಾಗಿಲು ತೆರೆಯಿತು. ರವಿಚಂದ್ರ ಕಪ್ಪು ವೈರೊಂದನ್ನು ಕೈಗೆ ಸುತ್ತಿಕೊಂಡು, ಜೆಸಿಬಿ ತೋಡಿದ ಗುಂಡಿಯನ್ನು ಒಂದೇ ನೆಗೆತಕ್ಕೆ ದಾಟಿ ಓಡಿಬಂದ.

“ಎಷ್ಟ್ ದಪ ಯೋಳ್ಲಣ್ಣ ನಿಂಗೆ? ಬಂದಾಗ್ಲೆಲ್ಲ ಇದ್ನ ನಮ್ಮನೇಲೇ ಬುಟ್ಟೋಯ್ತೀಯಲ್ಲ!”